ಸಂಸದನ ಸಹಿ: ಜಾನ್ ಸ್ಟೋನ್‌ಹೌಸ್ ಏರಿದ್ದು, ಬಿದ್ದದ್ದು

ಜಾನ್ ಸ್ಟೋನ್‌ಹೌಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಸಂಗತಿ. ಬ್ರಿಟನ್ನಿನ ಮಾಜಿ ಸಚಿವನೊಬ್ಬ 1974ರ ನವೆಂಬರ್ 20ರಂದು ಅಮೆರಿಕದ ಮಯಾಮಿ ಕಡಲತೀರದಲ್ಲಿ ಬಟ್ಟೆ ಬಿಚ್ಚಿಟ್ಟು ಈಜಲು ಹೋದ, ಮುಳುಗಿ ಸತ್ತನೆಂದು ಊರೆಲ್ಲ ನಂಬಿತು, ಐದು ವಾರ ತುಂಬುವ ಮೊದಲೇ ಆಸ್ಟ್ರೇಲಿಯಾದಲ್ಲಿ ಜೀವಂತ ಸಿಕ್ಕಿಬಿದ್ದ. ಕೇಳುವುದಕ್ಕೆ ಈ ಭಾಗ ರೋಚಕವಾಗಿದೆ, ಅದಕ್ಕೇ ಎಲ್ಲರೂ ಇದನ್ನೇ ಹೇಳುತ್ತಾರೆ. ನಾನು ಸಮುದ್ರದ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀವು ನೋಡಬೇಕಾದದ್ದು ಕಾಗದಪತ್ರಗಳನ್ನು: ಒಂದು ಜನನ ಪ್ರಮಾಣಪತ್ರ, ಒಂದು ಪಾಸ್‌ಪೋರ್ಟ್ ಅರ್ಜಿ, ಷೇರು ಮಾರುವಾಗ ಹಂಚಿದ ಒಂದು ವಿವರಣಪತ್ರ, ಐದು ವಿಮಾ ಪಾಲಿಸಿ, ಎರಡು ಬ್ಯಾಂಕ್ ಖಾತೆ. ಇವೆಲ್ಲದರ ಹಿಂದೆಯೂ ಇದ್ದದ್ದು ಒಂದೇ ನಂಬಿಕೆ. ಸಂಸದನೊಬ್ಬ ಬಾಯಿಬಿಟ್ಟು ಹೇಳಿದ್ದಾನೆ, ಸಹಿ ಹಾಕಿದ್ದಾನೆ ಎಂದರೆ ಅದನ್ನು ಮತ್ತೆ ಪರೀಕ್ಷಿಸಬೇಕಿಲ್ಲ ಎಂಬ ನಂಬಿಕೆ. ಅದನ್ನು ಆತ ಹೇಗೆ ಬಳಸಿಕೊಂಡ, ಅದು ಎಲ್ಲಿ ಕೈಕೊಟ್ಟಿತು ಎಂಬುದೇ ಇವತ್ತಿನ ವಿಷಯ.

ಆತ ಹುಟ್ಟಿದ್ದು 1925ರ ಜುಲೈ 28ರಂದು, ಇಂಗ್ಲೆಂಡಿನ ದಕ್ಷಿಣದ ಬಂದರು ಪಟ್ಟಣ ಸೌತಾಂಪ್ಟನ್‌ನಲ್ಲಿ. ತಂದೆ ಕಾರ್ಮಿಕ ಸಂಘದಲ್ಲಿದ್ದವರು, ತಾಯಿ ಮುಂದೆ ಅದೇ ಊರಿನ ಮೇಯರ್ ಆದವರು. ಮಗ ಹದಿನಾರಕ್ಕೇ ಲೇಬರ್ ಪಕ್ಷ ಸೇರಿದ. ಯುದ್ಧದ ಕೊನೆಯ ಹೊತ್ತಿಗೆ ವಾಯುಪಡೆ, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದು. ಐವತ್ತರ ದಶಕದ ಆರಂಭದಲ್ಲಿ ಎರಡು ವರ್ಷ ಉಗಾಂಡದಲ್ಲಿದ್ದು ಅಲ್ಲಿನ ಆಫ್ರಿಕನ್ ರೈತರ ಸಹಕಾರ ಸಂಘಗಳಿಗೆ ಕೆಲಸ ಮಾಡಿದ. 1957ರ ಫೆಬ್ರವರಿಯ ಉಪಚುನಾವಣೆಯಲ್ಲಿ ವೆನ್ಸ್‌ಬರಿ ಕ್ಷೇತ್ರದಿಂದ ಗೆದ್ದು ಪಾರ್ಲಿಮೆಂಟಿಗೆ ಬಂದಾಗ ವಯಸ್ಸು 31. 1959ರಲ್ಲಿ ರೊಡೇಷಿಯಾಕ್ಕೆ (ಇಂದಿನ ಜಿಂಬಾಬ್ವೆ) ಹೋಗಿ, ಇದು ನಿಮ್ಮ ದೇಶ, ತಲೆಯೆತ್ತಿ ನಡೆಯಿರಿ ಎಂದು ಕರಿಯ ಜನರಿಗೆ ಹೇಳಿದ್ದಕ್ಕೆ ಅಲ್ಲಿನ ಬಿಳಿಯರ ಸರ್ಕಾರ ಆತನನ್ನು ಗಡಿಪಾರು ಮಾಡಿತು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆತ ಮೊದಲಿನಿಂದಲೂ ಬರಿಯ ಮೋಸಗಾರ ಎಂದು ಬರೆಯುವವರು ದಾಖಲೆಯ ಅರ್ಧವನ್ನಷ್ಟೇ ಓದಿದ್ದಾರೆ. ಆತನ ಮೇಲೆ ಜನ ಇಟ್ಟ ನಂಬಿಕೆಗೆ ಆಧಾರವಿತ್ತು. ಆ ಆಧಾರವನ್ನು ಆತ ದುಡಿದೇ ಸಂಪಾದಿಸಿದ್ದ.

1964ರಲ್ಲಿ ಹೆರಾಲ್ಡ್ ವಿಲ್ಸನ್ ಸರ್ಕಾರ ಬಂದ ಮೇಲೆ ಏರಿಕೆ ಬೇಗ ಆಯಿತು. ವಿಮಾನಯಾನ, ವಸಾಹತು ಖಾತೆ, ತಂತ್ರಜ್ಞಾನ, ಕೊನೆಗೆ 1968ರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಎಂಬ ಅಂಚೆ ಮಂತ್ರಿ ಹುದ್ದೆ, ಜೊತೆಗೆ ಪ್ರಿವಿ ಕೌನ್ಸಿಲ್ ಎಂಬ ರಾಣಿಯ ಸಲಹಾಮಂಡಳಿಯ ಸದಸ್ಯತ್ವ. ಬ್ರಿಟನ್ನಿನಲ್ಲಿ ಇವತ್ತಿಗೂ ಇರುವ ಮೊದಲ ದರ್ಜೆ, ಎರಡನೇ ದರ್ಜೆ ಅಂಚೆ ಆತನ ಕಾಲದಲ್ಲಿ ಜಾರಿಗೆ ಬಂದದ್ದು, 1968ರ ಸೆಪ್ಟೆಂಬರ್ 16ರಂದು. ಬೇಗ ತಲುಪಬೇಕಾದರೆ 5 ಪೆನ್ನಿ, ತಡವಾದರೂ ಸರಿ ಎನ್ನುವವರಿಗೆ 4 ಪೆನ್ನಿ. ಮರುವರ್ಷ ಅಂಚೆ ಇಲಾಖೆ ನಿಗಮವಾಗಿ ಬದಲಾದಾಗ ಪೋಸ್ಟ್‌ಮಾಸ್ಟರ್ ಜನರಲ್ ಹುದ್ದೆಯೇ ರದ್ದಾಯಿತು. ಆ ಹುದ್ದೆಯಲ್ಲಿ ಕೂತ ಕೊನೆಯವನು ಸ್ಟೋನ್‌ಹೌಸ್.

1969ರಲ್ಲಿ ಒಂದು ನೆರಳು ಬಿತ್ತು. ಜೆಕೊಸ್ಲೊವಾಕಿಯಾದ ಗೂಢಚಾರ ಸಂಸ್ಥೆಯಿಂದ ಪಶ್ಚಿಮಕ್ಕೆ ಓಡಿಬಂದ ಯೋಸೆಫ್ ಫ್ರೋಲಿಕ್ ಎಂಬಾತ, ಈ ಮಂತ್ರಿ ನಮ್ಮವರ ಪಟ್ಟಿಯಲ್ಲಿದ್ದ ಎಂಬ ಸುಳಿವು ಕೊಟ್ಟ. ಪ್ರಧಾನಿಯ ಕಚೇರಿಗೆ ಕರೆಸಿ ಭದ್ರತಾ ಅಧಿಕಾರಿ ಕೇಳಿದಾಗ ಸ್ಟೋನ್‌ಹೌಸ್ ಎಲ್ಲವನ್ನೂ ನಿರಾಕರಿಸಿದ. ಪುರಾವೆ ಇರಲಿಲ್ಲ, ಕಡತ ಮುಚ್ಚಿತು. ಈ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

1970ರ ಜೂನ್ ಚುನಾವಣೆಯಲ್ಲಿ ಲೇಬರ್ ಸೋತಿತು. ಸ್ಟೋನ್‌ಹೌಸ್ ಕ್ಷೇತ್ರ ಉಳಿಸಿಕೊಂಡ, ಆದರೆ ವಿರೋಧ ಪಕ್ಷದ ಮುಂಚೂಣಿ ಸಾಲಿನಲ್ಲಿ ವಿಲ್ಸನ್ ಆತನಿಗೆ ಜಾಗ ಕೊಡಲಿಲ್ಲ. ಆಗ ಸಾಮಾನ್ಯ ಸಂಸದನ ಸಂಬಳ ವರ್ಷಕ್ಕೆ 3,250 ಪೌಂಡ್. ಮಂತ್ರಿಯಾಗಿ ದೇಶ ದೇಶ ಸುತ್ತಿ ಪರಿಚಯ ಬೆಳೆಸಿದ್ದವನಿಗೆ ರಫ್ತು ವ್ಯಾಪಾರದ ಸಲಹೆಗಾರನಾಗುವುದು ಸುಲಭ ಅನ್ನಿಸಿತು. ಒಂದು ಕಂಪನಿ ಹುಟ್ಟಿತು, ಅದರ ಬೆನ್ನಿಗೆ ಇನ್ನಷ್ಟು. ನೆನಪಿಡಿ, ಇಲ್ಲಿಯವರೆಗೆ ಕಾನೂನು ಮುರಿದದ್ದೇನೂ ಇಲ್ಲ. ಆ ಕಾಲದ ಬ್ರಿಟನ್ನಿನಲ್ಲಿ ಸಂಸದರು ಕಂಪನಿ ನಿರ್ದೇಶಕರಾಗಿರುವುದು ತೀರಾ ಸಾಮಾನ್ಯ.

ಅಷ್ಟರಲ್ಲಿ 1971 ಬಂತು. ಪೂರ್ವ ಪಾಕಿಸ್ತಾನದಲ್ಲಿ ಹತ್ಯಾಕಾಂಡ ಶುರುವಾದಾಗ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅತ್ಯಂತ ಗಟ್ಟಿಯಾಗಿ ದನಿಯೆತ್ತಿದವರಲ್ಲಿ ಸ್ಟೋನ್‌ಹೌಸ್ ಒಬ್ಬ. ಭಾರತದ ಗಡಿಯ ನಿರಾಶ್ರಿತರ ಶಿಬಿರಗಳಿಗೆ ಬಂದು ನೋಡಿದ. ಹುಟ್ಟಬೇಕಿದ್ದ ದೇಶಕ್ಕೆ ಅಂಚೆಚೀಟಿ ಬೇಕು, ಅದು ಸ್ವತಂತ್ರ ದೇಶದ ಗುರುತು ಎಂದು ಸೂಚಿಸಿದವನೂ ಈ ಮಾಜಿ ಅಂಚೆ ಮಂತ್ರಿಯೇ. ಲಂಡನ್ನಿನಲ್ಲಿದ್ದ ಬಂಗಾಳಿ ಕಲಾವಿದ ಬಿಮಾನ್ ಮಲ್ಲಿಕ್ ರಚಿಸಿದ, 10 ಪೈಸೆಯಿಂದ 10 ರೂಪಾಯಿವರೆಗಿನ ಎಂಟು ಚೀಟಿಗಳು 1971ರ ಜುಲೈ 29ರಂದು ಹೊರಬಂದವು. ಬಾಂಗ್ಲಾದೇಶ ಆತನನ್ನು ಗೌರವ ನಾಗರಿಕನನ್ನಾಗಿ ಮಾಡಿಕೊಂಡಿತು. ನಮ್ಮ ಉಪಖಂಡದ ಓದುಗರಿಗೆ ಈ ಮನುಷ್ಯ ಮುಖ್ಯವಾಗಬೇಕಾದದ್ದು ಇಲ್ಲಿಂದ. ಆತನ ಆರ್ಥಿಕ ಪತನ ಶುರುವಾದದ್ದೂ ಇಲ್ಲಿಂದಲೇ.

1972ರಲ್ಲಿ ಬ್ರಿಟಿಷ್ ಬಾಂಗ್ಲಾದೇಶ್ ಟ್ರಸ್ಟ್ ಎಂಬ ಹಣಕಾಸು ಸಂಸ್ಥೆ ಕಟ್ಟಿದ. ಬ್ರಿಟನ್ನಿನಲ್ಲಿ ದುಡಿಯುತ್ತಿದ್ದ ಬಂಗಾಳಿಗಳಲ್ಲಿ ಬಹಳ ಜನ ಸಿಲೆಟ್ ಕಡೆಯವರು, ಹೋಟೆಲು ಅಡುಗೆಮನೆಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದು ಊರಿಗೆ ಹಣ ಕಳಿಸುವವರು. ಅವರಿಗೆ ತಮ್ಮದೇ ಎನ್ನಬಹುದಾದ ಬ್ಯಾಂಕ್ ಬೇಕಿತ್ತು. ನಮ್ಮ ಪರವಾಗಿ ನಿಂತ ಸಂಸದ ಷೇರು ಕೊಳ್ಳಿ ಎಂದರೆ ಯಾರು ಅನುಮಾನಪಡುತ್ತಾರೆ? ಆದರೆ ಷೇರು ಮಾರಾಟ ಮುಗಿಯುವ ಮೊದಲೇ, 1972ರ ನವೆಂಬರಿನಲ್ಲಿ, ಸಂಡೇ ಟೈಮ್ಸ್ ಪತ್ರಿಕೆ ಅದರ ವಿವರಣಪತ್ರವನ್ನು ಪ್ರಶ್ನಿಸಿ ಬರೆಯಿತು. ನಿರೀಕ್ಷಿಸಿದಷ್ಟು ಹಣ ಬರಲಿಲ್ಲ.

ಪ್ರಾಮಾಣಿಕನಾದವನು ಆಗ ಏನು ಮಾಡಬೇಕು? ಸೋತೆವೆಂದು ಹೇಳಿ ಬಂದ ಹಣ ವಾಪಸು ಕೊಡಬೇಕು. ಸ್ಟೋನ್‌ಹೌಸ್ ಕೊರತೆಯನ್ನು ಒಳಗಿನಿಂದಲೇ ತುಂಬಿಸಿದ. ತನ್ನ ಹಿಡಿತದಲ್ಲಿದ್ದ ಕಂಪನಿಗಳು, ತನ್ನ ಆಪ್ತರು ಸಾಲದ ಹಣದಿಂದ ಷೇರು ಕೊಂಡ ಹಾಗೆ ಏರ್ಪಾಟಾಯಿತು. ಇದರಲ್ಲಿ ತಪ್ಪೇನು ಎಂದು ಕೇಳುವವರಿಗೆ ಒಂದು ಕಲ್ಪಿತ ಲೆಕ್ಕ ಕೊಡುತ್ತೇನೆ. ಬ್ಯಾಂಕಿಗೆ 100 ಬಂಡವಾಳ ಬೇಕು, ಜನ ಕೊಟ್ಟದ್ದು 60. ಆ 60ರಲ್ಲಿ 40ನ್ನು ನನ್ನದೇ ಇನ್ನೊಂದು ಕಂಪನಿಗೆ ಸಾಲವಾಗಿ ಕೊಡುತ್ತೇನೆ, ಆ ಕಂಪನಿ ಅದೇ 40ರಲ್ಲಿ ಬ್ಯಾಂಕಿನ ಷೇರು ಕೊಳ್ಳುತ್ತದೆ. ಪುಸ್ತಕದಲ್ಲಿ ಬಂಡವಾಳ 100. ಪೆಟ್ಟಿಗೆಯಲ್ಲಿರುವ ಹಣ ಮಾತ್ರ ಅದೇ 60, ಉಳಿದ 40 ನನ್ನ ಕಂಪನಿ ತೀರಿಸುತ್ತೇನೆಂದು ಬರೆದುಕೊಟ್ಟ ಮಾತು. ಆ ಕಂಪನಿಗೆ ಬೇರೆ ಆದಾಯವಿಲ್ಲದಿದ್ದರೆ ಸಾಲದ ಬಡ್ಡಿ ಕಟ್ಟಲು ಇನ್ನೊಂದು ಸಾಲ ಬೇಕು. ಹೊರಗಿನ ಬ್ಯಾಂಕುಗಳು ಅದನ್ನು ಕೊಟ್ಟವು, ಏಕೆಂದರೆ ಜಾಮೀನು ಪತ್ರದ ಕೆಳಗೆ ಪ್ರಿವಿ ಕೌನ್ಸಿಲರ್ ಒಬ್ಬನ ಸಹಿ ಇತ್ತು.

ಬಡ್ಡಿ ದರ ಕಡಿಮೆಯಿರುವವರೆಗೆ ಇಂಥ ಸರಪಳಿ ಎಳೆದುಕೊಂಡು ಹೋಗುತ್ತದೆ. 1973ರ ನವೆಂಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ದರವನ್ನು ಶೇಕಡಾ 13ಕ್ಕೆ ಏರಿಸಿತು. ತೈಲ ಬಿಕ್ಕಟ್ಟು ಬೇರೆ. ಲಂಡನ್ ಅಂಡ್ ಕೌಂಟಿ ಸೆಕ್ಯುರಿಟೀಸ್ ಎಂಬ ಸಣ್ಣ ಬ್ಯಾಂಕ್ ಬಿದ್ದದ್ದೇ, ಅಂಥ ಎಲ್ಲ ಸಣ್ಣ ಹಣಕಾಸು ಸಂಸ್ಥೆಗಳ ಬಾಗಿಲಿಗೆ ಜನ ಬಂದರು. ಆ ಬ್ಯಾಂಕಿನ ನಿರ್ದೇಶಕರಲ್ಲಿ ಒಬ್ಬರು ಲಿಬರಲ್ ಪಕ್ಷದ ನಾಯಕ ಜೆರೆಮಿ ಥಾರ್ಪ್ ಎಂಬುದನ್ನು ಸೇರಿಸಿ ಹೇಳಬೇಕು. ರಾಜಕಾರಣಿಯ ಹೆಸರನ್ನು ಹಣಕಾಸು ಕಂಪನಿಯ ಬೋರ್ಡಿಗೆ ಅಂಟಿಸಿ ಠೇವಣಿ ಸೆಳೆಯುವುದು ಆಗಿನ ಲಂಡನ್ನಿನ ರೂಢಿಯಾಗಿತ್ತು. ಸ್ಟೋನ್‌ಹೌಸ್ ತನ್ನ ಸಂಸ್ಥೆಗೆ ಲಂಡನ್ ಕ್ಯಾಪಿಟಲ್ ಗ್ರೂಪ್ ಎಂದು ಹೆಸರು ಬದಲಿಸಿಕೊಂಡರೂ ಏನೂ ಸುಧಾರಿಸಲಿಲ್ಲ. 1974ರ ನಡುವಿನ ಹೊತ್ತಿಗೆ, ಕಂಪನಿಗಳು ಕುಸಿದರೆ ಜಾಮೀನು ಕೊಟ್ಟ ತಾನು ದಿವಾಳಿ, ದಿವಾಳಿಯಾದವನು ಸಂಸದನಾಗಿ ಉಳಿಯುವಂತಿಲ್ಲ, ತನಿಖೆಯಾದರೆ ಜೈಲು ಎಂಬುದು ಆತನಿಗೆ ಸ್ಪಷ್ಟವಾಗಿತ್ತು.

ಇನ್ನು ಸಾಯುವ ಯೋಜನೆ. ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಆಗ ಬ್ರಿಟನ್ನಿನಲ್ಲಿ ಜನನದ ದಾಖಲೆ, ಮರಣದ ದಾಖಲೆ ಬೇರೆ ಬೇರೆ. ಒಂದನ್ನೊಂದು ತಾಳೆ ನೋಡುವ ವ್ಯವಸ್ಥೆ ಇರಲಿಲ್ಲ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಯಾರದೇ ಜನನ ಪ್ರಮಾಣಪತ್ರದ ಪ್ರತಿ ಪಡೆಯಬಹುದಿತ್ತು. ಆ ಪ್ರತಿ, ಒಂದು ಭಾವಚಿತ್ರ, ಆ ಚಿತ್ರದಲ್ಲಿರುವವನು ಇವನೇ ಎಂದು ಗಣ್ಯ ವ್ಯಕ್ತಿಯೊಬ್ಬ ಹಾಕಿದ ದೃಢೀಕರಣ ಸಹಿ, ಇಷ್ಟಿದ್ದರೆ ಪಾಸ್‌ಪೋರ್ಟ್ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಅರ್ಜಿದಾರನನ್ನು ಯಾರೂ ಎದುರು ಕೂರಿಸಿ ಕೇಳುತ್ತಿರಲಿಲ್ಲ. ವಯಸ್ಕರು ಮೊದಲ ಸಲ ಪಾಸ್‌ಪೋರ್ಟ್ ಕೇಳಿದಾಗ ಸಂದರ್ಶನ ಮಾಡುವ ಪದ್ಧತಿ ಅಲ್ಲಿ ಶುರುವಾದದ್ದು 2007ರಲ್ಲಿ.

ಹಾಗಾಗಿ ಬೇಕಾದದ್ದು ಸತ್ತವನೊಬ್ಬನ ಗುರುತು. ಅವನು ಹೆಚ್ಚುಕಡಿಮೆ ತನ್ನ ವಯಸ್ಸಿನವನಾಗಿರಬೇಕು. ಮುಖ್ಯವಾಗಿ, ಅವನು ಬದುಕಿದ್ದಾಗ ಪಾಸ್‌ಪೋರ್ಟ್ ತೆಗೆಸಿರಬಾರದು. ತೆಗೆಸಿದ್ದರೆ ಕಚೇರಿಯಲ್ಲಿ ಹಳೆಯ ಕಡತ, ಹಳೆಯ ಚಿತ್ರ ಇರುತ್ತದೆ. ಇದನ್ನು ತಿಳಿಯುವುದು ಹೇಗೆ? ಸ್ಟೋನ್‌ಹೌಸ್ ಆಗ ಪ್ರತಿನಿಧಿಸುತ್ತಿದ್ದದ್ದು ವಾಲ್ಸಾಲ್ ನಾರ್ತ್ ಕ್ಷೇತ್ರ. ವಾಲ್ಸಾಲ್‌ನ ಆಸ್ಪತ್ರೆಯನ್ನು ಸಂಪರ್ಕಿಸಿ, ವಿಧವೆಯರಿಗೆ ನೆರವಾಗುವ ನೆಪದಲ್ಲಿ, ಇತ್ತೀಚೆಗೆ ತೀರಿಕೊಂಡ ಗಂಡಸರ ವಿವರ ಪಡೆದ. ಆಮೇಲೆ ಇಬ್ಬರು ವಿಧವೆಯರ ಮನೆಗೆ ತಾನೇ ಹೋದ. ಪಿಂಚಣಿ, ತೆರಿಗೆ ಅಂತ ಕಾಳಜಿಯ ಮಾತಾಡುತ್ತ, ನಿಮ್ಮ ಯಜಮಾನರು ವಿದೇಶಕ್ಕೇನಾದರೂ ಹೋಗಿದ್ದರೇ ಎಂದು ನಡುವೆ ಕೇಳಿದ. ಇಲ್ಲ ಎಂಬ ಉತ್ತರ ಸಿಕ್ಕಿತು. ಒಬ್ಬನ ಉಪನಾಮ ಮಾರ್ಕಮ್, ಇನ್ನೊಬ್ಬನದು ಮಿಲ್ಡೂನ್.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಕ್ರೂರ ಕ್ಷಣ ಇದೇ. ನ್ಯಾಯಾಲಯ ಹಣಕ್ಕೆ ಶಿಕ್ಷೆ ಕೊಟ್ಟಿತು, ಅದು ಸರಿಯೇ. ಆದರೆ ಗಂಡ ಸತ್ತ ಮನೆಗೆ, ಅವರೇ ಮತ ಹಾಕಿ ಕಳಿಸಿದ ಸಂಸದ ಬಂದು, ಸಾಂತ್ವನದ ಮಾತಿನೊಳಗೆ ಕಳ್ಳತನಕ್ಕೆ ಬೇಕಾದ ಮಾಹಿತಿ ತೆಗೆದುಕೊಂಡು ಹೋದನಲ್ಲ, ಅದಕ್ಕೆ ಯಾವ ಕಲಮಿನಲ್ಲೂ ಶಿಕ್ಷೆ ಇರಲಿಲ್ಲ.

ದೃಢೀಕರಣ ಸಹಿಯ ವಿಷಯದಲ್ಲೂ ಅದೇ ಲೆಕ್ಕಾಚಾರ. ಸಂಸದರ ಸಹಿಯನ್ನು ಪಾಸ್‌ಪೋರ್ಟ್ ಕಚೇರಿ ಒಪ್ಪುತ್ತಿತ್ತು. ತನ್ನದೇ ಹೆಸರು ಹಾಕಿದರೆ ಮುಂದೆ ಜಾಡು ಸಿಗುತ್ತದೆ. ಆದ್ದರಿಂದ ತನ್ನದೇ ಪಕ್ಷದ ಸಂಸದ ನೀಲ್ ಮ್ಯಾಕ್‌ಬ್ರೈಡ್ ಅವರ ಸಹಿಯನ್ನು ನಕಲು ಮಾಡಿದ. ಮ್ಯಾಕ್‌ಬ್ರೈಡ್ ಆಗ ತೀವ್ರ ಕಾಯಿಲೆಯಲ್ಲಿದ್ದರು, ಆ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ನೀವೇ ಸಹಿ ಹಾಕಿದಿರಾ ಎಂದು ಕೇಳಲು ಯಾರೂ ಉಳಿಯುವುದಿಲ್ಲ ಎಂಬ ಎಣಿಕೆ. 1974ರ ಆಗಸ್ಟ್ ಆರಂಭದಲ್ಲಿ ಮಾರ್ಕಮ್ ಹೆಸರಿನ ಪಾಸ್‌ಪೋರ್ಟ್ ಕೈಗೆ ಬಂತು. ಮಿಲ್ಡೂನ್ ಹೆಸರನ್ನು ಎರಡನೇ ಹೆಜ್ಜೆಗೆಂದು ಇಟ್ಟುಕೊಂಡ.

ಮುಂದಿನದು ಹಣ. ಕಂಪನಿಗಳ ಖಾತೆಯಿಂದ ಚೆಕ್ಕು, ಅಲ್ಲಿಂದ ಹಲವು ಬ್ಯಾಂಕುಗಳ ಹಲವು ಖಾತೆ, ಕೊನೆಗೆ ಮಾರ್ಕಮ್ ಹೆಸರಿನ ಖಾತೆಗಳು. ಲಂಡನ್ನಿನ ಸಾಧಾರಣ ಹೋಟೆಲೊಂದರಲ್ಲಿ ಮಾರ್ಕಮ್ ಎಂದು ಉಳಿದು ಆ ಹೆಸರಿಗೊಂದು ವಿಳಾಸ, ಒಂದು ನಡವಳಿಕೆ ಕಟ್ಟಿದ. ಇದರ ಜೊತೆಗೆ ತನ್ನ ಜೀವದ ಮೇಲೆ ಐದು ವಿಮಾ ಪಾಲಿಸಿ ಮಾಡಿಸಿದ, ಒಟ್ಟು 1,25,000 ಪೌಂಡ್, ಹೆಂಡತಿ ಬಾರ್ಬರಾ ಹೆಸರಿಗೆ. ಅವರಿಗೆ ಯೋಜನೆಯ ಗಂಧವೂ ಇರಲಿಲ್ಲ. ಗುಟ್ಟು ತಿಳಿದಿದ್ದವರು ಕಾರ್ಯದರ್ಶಿ ಶೀಲಾ ಬಕ್ಲಿ, ಆತನ ಪ್ರೇಯಸಿಯೂ ಹೌದು.

ಮಯಾಮಿಯ ಭಾಗ ಚಿಕ್ಕದು. ನವೆಂಬರ್ ಆರಂಭದಲ್ಲಿ ಒಮ್ಮೆ ಅಲ್ಲಿಗೆ ಹೋಗಿಬಂದ. ಎರಡನೇ ಸಲ ಫೊಂಟೆನ್‌ಬ್ಲೂ ಹೋಟೆಲಿನಲ್ಲಿ ಉಳಿದು, 20ರಂದು ತೀರದಲ್ಲಿ ಬಟ್ಟೆ ಒಪ್ಪಿಸಿ ಹೊರಟ. ಬೇರೆ ಬಟ್ಟೆ, ಮಾರ್ಕಮ್ ಪಾಸ್‌ಪೋರ್ಟ್, ಹಣ ಮೊದಲೇ ಸಿದ್ಧವಿತ್ತು. ಸ್ಯಾನ್ ಫ್ರಾನ್ಸಿಸ್ಕೊ, ಹವಾಯಿ ದಾಟಿ ನವೆಂಬರ್ 27ಕ್ಕೆ ಮೆಲ್ಬರ್ನ್ ಸೇರಿದ. ಇತ್ತ ಹೆಣ ಸಿಗದ ಕಾರಣ ಗಾಳಿಮಾತು ಹಬ್ಬಿತು: ಮಾಫಿಯಾ ಕೊಂದಿತು, ಗೂಢಚಾರರು ಅಪಹರಿಸಿದರು. ಡಿಸೆಂಬರ್ 17ರಂದು, ಆ ಹೊತ್ತಿಗೆ ಮತ್ತೆ ಪ್ರಧಾನಿಯಾಗಿದ್ದ ವಿಲ್ಸನ್ ಸದನದಲ್ಲಿ ನಿಂತು, ಆತ ಜೆಕ್ ಬೇಹುಗಾರನೆಂಬುದಕ್ಕೆ ಪುರಾವೆಯಿಲ್ಲ ಎಂದು ಹೇಳಬೇಕಾಯಿತು. ಸತ್ತವನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡು ಅವರು ಮಾತಾಡುತ್ತಿದ್ದಾಗ ಆತ ಆಸ್ಟ್ರೇಲಿಯಾದಲ್ಲಿದ್ದ.

ಯೋಜನೆ ಕೆಟ್ಟದ್ದು ಮೆಲ್ಬರ್ನ್‌ನ ಬ್ಯಾಂಕ್ ಕೌಂಟರಿನಲ್ಲಿ. ಎರಡು ಹೆಸರು ಏಕೆ ಬೇಕಿತ್ತು ಎಂದು ಮೊದಲು ಅರ್ಥಮಾಡಿಕೊಳ್ಳಿ. ಇಂಗ್ಲೆಂಡಿನಿಂದ ಬಂದ ಹಣ ಮಾರ್ಕಮ್ ಖಾತೆಗೆ ಬಂದಿದೆ. ಯಾರಾದರೂ ಆ ಜಾಡು ಹಿಡಿದು ಬಂದರೆ ಮಾರ್ಕಮ್ ನಗದು ತೆಗೆದುಕೊಂಡು ಹೋದ ಎಂಬಲ್ಲಿಗೆ ದಾರಿ ಕಡಿಯಬೇಕು. ಆ ನಗದು ಮಿಲ್ಡೂನ್ ಎಂಬ, ಹಿಂದುಮುಂದಿಲ್ಲದ ಇನ್ನೊಬ್ಬನ ಖಾತೆಗೆ ಹೋಗಬೇಕು. ಕಾಗದದ ಮೇಲೆ ಇದು ಒಳ್ಳೆಯ ಉಪಾಯ. ತೊಂದರೆ ಏನೆಂದರೆ ನಗದನ್ನು ಹೊತ್ತೊಯ್ಯುವ ಮುಖ ಒಂದೇ. ಬೇರೆ ಊರಿನ ಬ್ಯಾಂಕಿಗೆ ಹೋಗಿದ್ದರೆ, ವಾರಗಟ್ಟಲೆ ಅಂತರ ಬಿಟ್ಟು ಸಣ್ಣ ಮೊತ್ತಗಳಲ್ಲಿ ಕಟ್ಟಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ಆತ ಅದೇ ನಗರಕೇಂದ್ರದಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್‌ನಿಂದ ಹಣ ತೆಗೆದು, ಹತ್ತಿರದ ಬ್ಯಾಂಕ್ ಆಫ್ ನ್ಯೂಜಿಲೆಂಡ್‌ನಲ್ಲಿ ಕಟ್ಟಿದ, 21,500 ಡಾಲರ್ ನಗದು. ಅದನ್ನು ತೆಗೆದುಕೊಂಡ ಬ್ಯಾಂಕಿನ ನೌಕರ ಆಮೇಲೆ ಅದೇ ಮನುಷ್ಯ ಇನ್ನೊಂದು ಬ್ಯಾಂಕಿನಿಂದ ಹೊರಬರುವುದನ್ನು ಕಂಡ. ಅನುಮಾನ ಬಂದು ವಿಚಾರಿಸಿದರೆ, ನಮಗೆ ಮಿಲ್ಡೂನ್ ಆದವನು ಅವರಿಗೆ ಮಾರ್ಕಮ್. ಪೊಲೀಸರಿಗೆ ತಿಳಿಸಿದ.

ಲಂಡನ್ನಿನಲ್ಲಿ ಮಂತ್ರಿ, ಬ್ಯಾಂಕರು, ಅಧಿಕಾರಿ ಯಾರೂ ಮಾಡದ ಕೆಲಸವನ್ನು ಈ ನೌಕರ ಮಾಡಿದ. ಕೊಟ್ಟ ಹೆಸರನ್ನು ಇನ್ನೊಂದು ಕಡೆ ಕೇಳಿ ತಾಳೆ ನೋಡಿದ. ಆತನೆದುರು ನಿಂತವನು ಸಂಸದನಾಗಿರಲಿಲ್ಲ, ಬರಿಯ ಗಿರಾಕಿಯಾಗಿದ್ದ, ಅದಕ್ಕೇ ತಾಳೆ ನೋಡುವುದು ಸಾಧ್ಯವಾಯಿತು ಎಂದು ನಾನು ತಿಳಿಯುತ್ತೇನೆ.

ಪೊಲೀಸರು ತಕ್ಷಣ ಹಿಡಿಯಲಿಲ್ಲ. ಸ್ಟೋನ್‌ಹೌಸ್ ನಡುವೆ ಕೋಪನ್‌ಹೇಗನ್‌ಗೆ ಹಾರಿ ಶೀಲಾಳನ್ನು ಕಂಡು ಡಿಸೆಂಬರ್ 10ಕ್ಕೆ ಮರಳಿದ್ದ. ಆತನ ಓಡಾಟ, ಅಂಚೆ, ಇಂಗ್ಲೆಂಡಿನ ಪತ್ರಿಕೆಗಳನ್ನು ಹುಡುಕಿ ಓದುವ ಚಟ ಎಲ್ಲದರ ಮೇಲೂ ಕಣ್ಣಿಟ್ಟರು. ಅವರ ಮೊದಲ ಊಹೆ ಬೇರೆಯೇ. ನವೆಂಬರ್ 7ರಂದು ಲಂಡನ್ನಿನಲ್ಲಿ ತನ್ನ ಮಕ್ಕಳ ದಾದಿಯ ಕೊಲೆಯಾದ ಮೇಲೆ ಲಾರ್ಡ್ ಲೂಕನ್ ಎಂಬ ಬ್ರಿಟಿಷ್ ಶ್ರೀಮಂತ ತಲೆಮರೆಸಿಕೊಂಡಿದ್ದ. ಇವನೇ ಅವನಿರಬೇಕು ಎಂದುಕೊಂಡಿದ್ದರು. ಡಿಸೆಂಬರ್ 24ರಂದು ಬಂಧಿಸಿದಾಗ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಲೂಕನ್‌ಗೆ ಇದ್ದ ಗಾಯದ ಗುರುತು ಈತನ ಬಲಗಾಲಿನಲ್ಲಿದೆಯೇ ಎಂದು ನೋಡಿದ್ದು. ಇರಲಿಲ್ಲ.

ಇನ್ನು ಪಾರ್ಲಿಮೆಂಟಿನ ಪಾಡು. ಸ್ಟೋನ್‌ಹೌಸ್ ಸ್ವೀಡನ್, ಮಾರಿಷಸ್ ದೇಶಗಳಲ್ಲಿ ಆಶ್ರಯ ಸಿಗುವುದೇ ಎಂದು ಯತ್ನಿಸಿದ, ಸಿಗಲಿಲ್ಲ. ಆದರೆ ರಾಜೀನಾಮೆಯನ್ನೂ ಕೊಡಲಿಲ್ಲ. ಬ್ರಿಟಿಷ್ ಸಂಸದ ನೇರವಾಗಿ ರಾಜೀನಾಮೆ ಕೊಡುವಂತಿಲ್ಲ ಎಂಬುದು ನಿಮಗೆ ವಿಚಿತ್ರವೆನಿಸಬಹುದು. ರಾಜಮನೆತನದ ಹೆಸರಿಗಷ್ಟೇ ಇರುವ ಎರಡು ಹುದ್ದೆಗಳಲ್ಲಿ ಒಂದನ್ನು ಕೇಳಿ ಪಡೆಯಬೇಕು, ಪಡೆದೊಡನೆ ಸದಸ್ಯತ್ವ ತಾನಾಗಿ ಹೋಗುತ್ತದೆ. ಆತ ಕೇಳದಿದ್ದರೆ ಸದನ ಉಚ್ಚಾಟಿಸಬೇಕು. ವಿಚಾರಣೆಗೆ ಮೊದಲು ಉಚ್ಚಾಟಿಸುವುದು ನ್ಯಾಯವೇ ಎಂದು ಸದನದ ಸಮಿತಿ ತಿಂಗಳುಗಟ್ಟಲೆ ತೂಗಿತು. ಆತನಿಗೆ ಸಂಬಳ ಸಲ್ಲುತ್ತಲೇ ಇತ್ತು, ವಾಲ್ಸಾಲ್ ಜನರಿಗೆ ಪ್ರತಿನಿಧಿ ಇರಲಿಲ್ಲ.

1975ರ ಜುಲೈನಲ್ಲಿ ಆತನನ್ನು ಲಂಡನ್ನಿಗೆ ತಂದರು. ಜಾಮೀನಿನ ಮೇಲೆ ಹೊರಬಂದು ಅಕ್ಟೋಬರ್ 20ರಂದು ಸದನದಲ್ಲಿ ಹೇಳಿಕೆ ಕೊಟ್ಟ: ತನ್ನ ಮನಸ್ಸು ಕುಸಿದಿತ್ತು, ಹಳೆಯ ವ್ಯಕ್ತಿತ್ವದಿಂದ ತಪ್ಪಿಸಿಕೊಳ್ಳಲು ಇನ್ನೊಂದು ವ್ಯಕ್ತಿತ್ವ ಹುಟ್ಟಿಕೊಂಡಿತ್ತು ಎಂದು. ಖಿನ್ನತೆ ಇದ್ದಿರಬಹುದು, ಅದನ್ನು ಹಗುರವಾಗಿ ಕಾಣುವುದು ಬೇಡ. ಆದರೆ ಕುಸಿದ ಮನಸ್ಸು ಆಸ್ಪತ್ರೆಯಿಂದ ವಿವರ ತರಿಸಿ, ಕಾಯಿಲೆ ಬಿದ್ದ ಸಹೋದ್ಯೋಗಿಯ ಸಹಿ ಆರಿಸಿ, ತಿಂಗಳುಗಟ್ಟಲೆ ಹಣ ಸಾಗಿಸಿತು ಎಂಬುದನ್ನು ನಾನು ಒಪ್ಪಲಾರೆ, ಜ್ಯೂರಿಯೂ ಒಪ್ಪಲಿಲ್ಲ.

1974ರ ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಸಿಕ್ಕಿದ್ದು ಬರೀ ಮೂರು ಸ್ಥಾನಗಳ ಬಹುಮತ, ಅದೂ ಆಮೇಲೆ ಕರಗುತ್ತಿತ್ತು. ಹಾಗಾಗಿ ಸಿಟ್ಟಿದ್ದರೂ ಆತನ ಮತ ಬೇಕಿತ್ತು. 1976ರ ಏಪ್ರಿಲ್ 5ರಂದು ಜೇಮ್ಸ್ ಕ್ಯಾಲಹನ್ ಪ್ರಧಾನಿಯಾದರು. ಎರಡು ದಿನ ಬಿಟ್ಟು ಸ್ಟೋನ್‌ಹೌಸ್ ಲೇಬರ್ ತೊರೆದು, ಕೆಲವೇ ದಿನಗಳಲ್ಲಿ ಇಂಗ್ಲಿಷ್ ನ್ಯಾಷನಲ್ ಪಾರ್ಟಿ ಎಂಬ ಪುಟ್ಟ ಪಕ್ಷ ಸೇರಿದ. ಸರ್ಕಾರ ಬಹುಮತ ಕಳೆದುಕೊಂಡಿತು.

ಅದೇ ತಿಂಗಳ 27ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ಶುರುವಾಯಿತು. ನ್ಯಾಯಮೂರ್ತಿ ಎವ್ಲಿ. ಕಂಪನಿ ಚೆಕ್ಕುಗಳ ಕಳವು, ಪಾಸ್‌ಪೋರ್ಟ್ ಅರ್ಜಿಯ ನಕಲಿ ಸಹಿ, ವಿಮಾ ಕಂಪನಿಗಳಿಗೆ ವಂಚನೆಯ ಯತ್ನ, ಒಟ್ಟು 21 ಆರೋಪ. ವಕೀಲರನ್ನು ಬಿಟ್ಟು ಆತ ತಾನೇ ವಾದಿಸಿದ. ಕಟಕಟೆಯಿಂದ ಆರು ದಿನ ಮಾತಾಡಿದ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಆರೋಪಿ ಪ್ರಮಾಣ ಮಾಡದೆ ಹೀಗೆ ಹೇಳಿಕೆ ಕೊಡಬಹುದಿತ್ತು, ಕೊಟ್ಟರೆ ಪಾಟೀ ಸವಾಲು ಇಲ್ಲ. ಈ ಸೌಲಭ್ಯವನ್ನು 1982ರಲ್ಲಿ ತೆಗೆದುಹಾಕಿದರು. 68 ದಿನಗಳ ವಿಚಾರಣೆಯ ನಂತರ ಆಗಸ್ಟ್ 6ರಂದು 18 ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ ಏಳು ವರ್ಷ ಜೈಲು. ಶೀಲಾ ಬಕ್ಲಿಗೆ ಎರಡು ವರ್ಷ, ಅಮಾನತಿನಲ್ಲಿಟ್ಟ ಶಿಕ್ಷೆ.

ವಿಮೆಯ ಆರೋಪಗಳನ್ನು ಮಾತ್ರ ಪ್ರಶ್ನಿಸಿ ಆತ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದ. ಸಭೆಯಲ್ಲಿ ಕಾನೂನು ಓದುತ್ತಿರುವವರಿದ್ದರೆ ಇಲ್ಲಿ ಸ್ವಲ್ಪ ಗಮನ ಕೊಡಿ, ಇದು ಇಂದಿಗೂ ಪಾಠದಲ್ಲಿರುವ ಪ್ರಕರಣ. ವಾದ ಹೀಗಿತ್ತು: ವಿಮೆಯ ಹಣ ಯಾರೂ ಕೇಳಿಯೇ ಇಲ್ಲ. ಹೆಂಡತಿ ಅರ್ಜಿ ಹಾಕಲಿಲ್ಲ. ಬಟ್ಟೆ ಬಿಟ್ಟು ಹೋದದ್ದು ಅಮೆರಿಕದಲ್ಲಿ. ಹಾಗಿದ್ದಮೇಲೆ ಇಂಗ್ಲೆಂಡಿನಲ್ಲಿ ವಂಚನೆಯ ಯತ್ನ ನಡೆದದ್ದು ಎಲ್ಲಿ? ಲಾರ್ಡ್ಸ್ ಕೊಟ್ಟ ಉತ್ತರ: ಆತ ತಾನು ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದ್ದ. ಉಳಿದದ್ದು ಏನೂ ತಿಳಿಯದ ಹೆಂಡತಿ ಗಂಡ ಸತ್ತನೆಂದು ನಂಬಿ ಹಣ ಕೇಳುವುದು ಮಾತ್ರ. ಆದ್ದರಿಂದ ಅದು ಬರಿಯ ಸಿದ್ಧತೆಯಲ್ಲ, ಯತ್ನವೇ. ಸುಳ್ಳು ಸಾವಿನ ಸುದ್ದಿ ಇಂಗ್ಲೆಂಡಿಗೆ ತಲುಪಿ ಅಲ್ಲಿ ಪರಿಣಾಮ ಮಾಡಲಿ ಎಂಬುದೇ ಉದ್ದೇಶವಾಗಿದ್ದರಿಂದ ಅಲ್ಲಿನ ನ್ಯಾಯಾಲಯಕ್ಕೆ ಅಧಿಕಾರವಿದೆ. ಒಂದು ಅಂಶದಲ್ಲಿ ಮಾತ್ರ ಐವರಲ್ಲಿ ಮೂವರು ಕೆಳ ನ್ಯಾಯಾಲಯದ ತಪ್ಪು ತೋರಿಸಿದರು. ಈ ಸಂಗತಿಗಳು ರುಜುವಾತಾದರೆ ಅದು ಯತ್ನವೇ ಎಂದು ನ್ಯಾಯಮೂರ್ತಿ ತಾವೇ ಹೇಳಿಬಿಟ್ಟಿದ್ದರು, ಅದನ್ನು ಜ್ಯೂರಿಗೆ ಬಿಡಬೇಕಿತ್ತು ಎಂದರು. ಆದರೂ ಯಾವ ಜ್ಯೂರಿಯೂ ಬೇರೆ ತೀರ್ಮಾನ ಕೊಡುತ್ತಿರಲಿಲ್ಲ ಎಂದು ಶಿಕ್ಷೆ ಎತ್ತಿಹಿಡಿದರು. ಅಪರಾಧದ ಯತ್ನದ ಬಗ್ಗೆ 1981ರಲ್ಲಿ ಬಂದ ಕಾಯ್ದೆ ಆ ಪ್ರಶ್ನೆಯನ್ನು ಸ್ಪಷ್ಟವಾಗಿ ಜ್ಯೂರಿಗೇ ಬಿಟ್ಟಿತು.

ಶಿಕ್ಷೆಯಾದ ಮೇಲೂ ಆತನ ಸದಸ್ಯತ್ವ ತಾನಾಗಿ ಹೋಗಲಿಲ್ಲ. ಘೋರ ಅಪರಾಧಿಗಳನ್ನು ಅನರ್ಹಗೊಳಿಸುತ್ತಿದ್ದ 1870ರ ಹಳೆಯ ನಿಯಮ, 1967ರಲ್ಲಿ ಅಪರಾಧಗಳ ವರ್ಗೀಕರಣ ಬದಲಿಸಿದಾಗ ಕಳಚಿಹೋಗಿತ್ತು, ಯಾರೂ ಅದನ್ನು ಸರಿಪಡಿಸಿರಲಿಲ್ಲ. ನಮ್ಮಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ ಎಂದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿದೆ. ಬ್ರಿಟನ್ ಒಂದು ವರ್ಷ ಮೀರಿದ ಜೈಲುಶಿಕ್ಷೆಗೆ ಅಂಥ ನಿಯಮ ತಂದದ್ದು 1981ರಲ್ಲಿ, ಅದೂ ಸ್ಟೋನ್‌ಹೌಸ್ ಕಾರಣಕ್ಕಲ್ಲ, ಐರಿಷ್ ಕೈದಿ ಬಾಬಿ ಸ್ಯಾಂಡ್ಸ್ ಜೈಲಿನಿಂದಲೇ ಗೆದ್ದಾಗ. ಸ್ಟೋನ್‌ಹೌಸ್ 1976ರ ಆಗಸ್ಟಿನಲ್ಲಿ ಮೊದಲು ಪ್ರಿವಿ ಕೌನ್ಸಿಲ್, ಆಮೇಲೆ ಸಂಸತ್ತು ಎರಡನ್ನೂ ತಾನೇ ಬಿಟ್ಟ. ಹದಿನೈದು ಸಾವಿರಕ್ಕೂ ಹೆಚ್ಚು ಮತಗಳಿಂದ ಲೇಬರ್ ಗೆದ್ದಿದ್ದ ಕ್ಷೇತ್ರ ನವೆಂಬರ್ 4ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು. 1963ರಲ್ಲಿ ಯುದ್ಧಮಂತ್ರಿ ಜಾನ್ ಪ್ರೊಫ್ಯೂಮೊ ಸದನಕ್ಕೆ ಸುಳ್ಳು ಹೇಳಿದ್ದನ್ನು ಒಪ್ಪಿ ಕೂಡಲೇ ಹುದ್ದೆ, ಸ್ಥಾನ ಎರಡನ್ನೂ ಬಿಟ್ಟು ಲಂಡನ್ನಿನ ಬಡವರ ನಡುವೆ ದಶಕಗಳ ಕಾಲ ದುಡಿದರು, ಜನ ಅವರನ್ನು ಮತ್ತೆ ಗೌರವಿಸಿದರು. ಸ್ಟೋನ್‌ಹೌಸ್‌ಗೆ ಆ ಗೌರವ ಮರಳಿ ಸಿಗದಿರಲು, ಸ್ಥಾನಕ್ಕೆ ಅಂಟಿಕೊಂಡ ಆ ಇಪ್ಪತ್ತು ತಿಂಗಳೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ.

ಬಂಗಾಳಿ ಟ್ರಸ್ಟ್ ಬಗ್ಗೆ ವಾಣಿಜ್ಯ ಇಲಾಖೆಯ ತನಿಖಾಧಿಕಾರಿಗಳ ವರದಿ 1977ರಲ್ಲಿ ಹೊರಬಂತು. ಲೆಕ್ಕದ ಪುಸ್ತಕದುದ್ದಕ್ಕೂ ಅಕ್ರಮ ಇದೆ ಎಂದು ಅದು ಬಿಚ್ಚಿಟ್ಟಿತು. ಈ ಪ್ರಕರಣದ ಬಗ್ಗೆ ಓದುವವರು ಮೊದಲು ಹಿಡಿಯಬೇಕಾದ ದಾಖಲೆ ಅದು, ಆದರೆ ಓದುವವರು ಕಡಿಮೆ. ಕಡಲತೀರದ ಬಟ್ಟೆಯ ಬಗ್ಗೆ ಸಾವಿರ ಲೇಖನ ಸಿಗುತ್ತವೆ, ಷೇರು ಕೊಂಡ ಕೆಲಸಗಾರರ ಬಗ್ಗೆ ಹುಡುಕಿದರೂ ಸಿಗುವುದು ಅಲ್ಪ.

ಜೈಲಿನಲ್ಲಿ ಹೃದಯಾಘಾತಗಳಾಗಿ 1978ರಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 1979ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಬಾರ್ಬರಾ ಅಷ್ಟರಲ್ಲಿ ವಿಚ್ಛೇದನ ಪಡೆದಿದ್ದರು, 1981ರಲ್ಲಿ ಆತ ಶೀಲಾಳನ್ನು ಮದುವೆಯಾದ. ಕಾದಂಬರಿಗಳನ್ನು ಬರೆದ, ಪೂರ್ವ ಲಂಡನ್ನಿನ ಸೇವಾಸಂಸ್ಥೆಯೊಂದರಲ್ಲಿ ಕೆಲಸ ಮಾಡಿದ. 1988ರ ಏಪ್ರಿಲ್ 14ರಂದು 62ನೇ ವಯಸ್ಸಿನಲ್ಲಿ ತೀರಿಕೊಂಡ.

ಈಗ ಬೇಹುಗಾರಿಕೆಯ ಮಾತು. 1980ರಲ್ಲಿ ಇನ್ನೊಬ್ಬ ಜೆಕ್ ಅಧಿಕಾರಿ ಪಶ್ಚಿಮಕ್ಕೆ ಬಂದು ಫ್ರೋಲಿಕ್ ಹೇಳಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಟಾರ್ನಿ ಜನರಲ್, ಗೃಹಮಂತ್ರಿಗಳ ಜೊತೆ ಕೂತು, ನ್ಯಾಯಾಲಯದಲ್ಲಿ ನಿಲ್ಲುವ ಪುರಾವೆ ಇಲ್ಲ, ಮೊಕದ್ದಮೆ ಬೇಡ, ಬಹಿರಂಗಪಡಿಸುವುದೂ ಬೇಡ ಎಂದು ತೀರ್ಮಾನಿಸಿದರು. ಆ ಸರ್ಕಾರಿ ಕಡತ 2010ರ ಡಿಸೆಂಬರಿನಲ್ಲಿ ಸಾರ್ವಜನಿಕವಾಯಿತು. ಪ್ರಾಗ್‌ನಲ್ಲಿ ತೆರೆದ ಜೆಕ್ ಕಡತಗಳಲ್ಲಿ ಆತನಿಗೆ ಕೊಟ್ಟಿದ್ದ ಗುಪ್ತನಾಮ ಕೊಲೊನ್ ಎಂದಿದೆ. ಆತ ಬದುಕಿದ್ದಷ್ಟು ಕಾಲ ನಿರಾಕರಿಸಿದ. ಮಗಳು ಜೂಲಿಯಾ ಆ ಕಡತಗಳನ್ನು ಓದಿ, ಅವು ಅಧಿಕಾರಿಗಳು ತಮ್ಮ ಮೇಲಿನವರನ್ನು ಮೆಚ್ಚಿಸಲು ಉಬ್ಬಿಸಿ ಬರೆದವು ಎಂದು ವಾದಿಸಿದ್ದಾರೆ. ಈ ಚರ್ಚೆಯಲ್ಲಿ ನೀವು ಯಾವ ಪಕ್ಷ ಹಿಡಿದರೂ ಒಂದನ್ನು ಬೆರೆಸಬೇಡಿ: ಓಲ್ಡ್ ಬೇಲಿಯಲ್ಲಿ ಜ್ಯೂರಿಯ ಮುಂದೆ ಬಂದ ಆರೋಪಗಳಲ್ಲಿ ಬೇಹುಗಾರಿಕೆ ಇರಲಿಲ್ಲ. ಅಲ್ಲಿ ರುಜುವಾತಾದದ್ದು ಚೆಕ್ಕು, ಪಾಸ್‌ಪೋರ್ಟ್ ಅರ್ಜಿ ಮತ್ತು ವಿಮೆಯ ವಿಷಯ.